ಜಡೆಯಕ್ಕನ ಶುಕ್ರವಾರ

ಅವರ ಹತ್ತು ಬೆರಳುಗಳ ತುದಿಯೂ ಹೊಳೆಯುತ್ತಿತ್ತು. ಎಣ್ಣೆಯಿಂದಲ್ಲ, ಸವೆತದಿಂದ. ಮೂವತ್ತೈದು ವರ್ಷ ಬೇರೆಯವರ ಕೂದಲನ್ನು ಎಳೆಎಳೆಯಾಗಿ ಬಿಗಿದು ಹೆಣೆದ ಆ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಎಮಿರೇಟ್ಸ್ ಐಡಿ ಎಂಬ ಗುರುತಿನ ಚೀಟಿ ನವೀಕರಿಸಲು ಹೋದಾಗಲೆಲ್ಲ ಯಂತ್ರ ಅವರ ಬೆರಳಚ್ಚನ್ನು ಒಪ್ಪುತ್ತಿರಲಿಲ್ಲ. ಒರೆಸಿ ಇಡಿ, ಒತ್ತಿ ಇಡಿ, ಇನ್ನೊಮ್ಮೆ ಇಡಿ ಎಂದು ಹೇಳಿ ಹೇಳಿ ಕೌಂಟರಿನ ಹುಡುಗಿ ಸುಸ್ತಾದಳಂತೆ. "ನನ್ನ ಬೆರಳಿನ ಗುರುತು ಬೇಕಾದರೆ ಲಾಗೋಸಿಗೆ ಹೋಗು ಮಗಳೇ. ಅರ್ಧ ಊರಿನ ಹೆಂಗಸರ ತಲೆಯಲ್ಲಿ ಬಿಟ್ಟು ಬಂದಿದ್ದೇನೆ" ಎಂದು ಇವರು ಹೇಳಿದರಂತೆ.

ಅವರು ನೈಜೀರಿಯಾದವರು. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಾವಿದ್ದ ಕಟ್ಟಡದ ನೆಲಮಹಡಿಯಲ್ಲಿ ಹೆಂಗಸರ ಸಲೂನ್ ನಡೆಸುತ್ತಿದ್ದರು. ವಾಸ ಮೂರನೇ ಮಹಡಿಯಲ್ಲಿ, ನಮ್ಮ ಎದುರು ಬಾಗಿಲು. ಆ ಬಡಾವಣೆಯಲ್ಲಿ ಆಫ್ರಿಕಾದವರು ಬಹಳ ಜನ ಇದ್ದರು. ನಮ್ಮವರಲ್ಲಿ ಅವರ ಜೊತೆ ಲಿಫ್ಟ್ ಹತ್ತಲು ಹಿಂಜರಿಯುವವರಿದ್ದರು. ಮೊದಲ ವರ್ಷ ನಾನೂ ಮೆಟ್ಟಿಲು ಹತ್ತುತ್ತಿದ್ದೆ, ವ್ಯಾಯಾಮಕ್ಕೆ ಎಂದು ಹೇಳಿಕೊಂಡು.

ಅವರಿಗೆ ಚಂದದ ಹೆಸರಿತ್ತು. ಆದರೆ ನನ್ನ ಹೆಂಡತಿ 'ಜಡೆಯಕ್ಕ' ಎಂದು ಕರೆದಳು, ಅದೇ ನಿಂತಿತು. ಅರ್ಥ ತಿಳಿಸಿದಾಗ ಅವರು ಅದನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಅಡ್ಡಿಯಿಲ್ಲ ಎಂದರು. ನನ್ನನ್ನು ಅವರು 'ಕಮಾಂಡರ್' ಎನ್ನುತ್ತಿದ್ದರು. ನಾನು ವಾಯುಪಡೆಯ ಉಗ್ರಾಣದಲ್ಲಿ ಸಾರ್ಜೆಂಟ್ ಆಗಿದ್ದವನು, ಈಗ ಒಂದು ಗೋದಾಮಿನಲ್ಲಿ ಹಾಜರಿ ನೋಡಿಕೊಳ್ಳುವವನು, ಕಮಾಂಡರ್ ಅಲ್ಲ ಎಂದು ತಿದ್ದಿದೆ. "ಬೆಳಿಗ್ಗೆ ಐದಕ್ಕೆ ಕಟ್ಟಡಕ್ಕೆ ಮೂರು ಸುತ್ತು ಹಾಕಿ, ಮನೆಯ ಚಪ್ಪಲಿಗೂ ಪಾಲಿಶ್ ಹಚ್ಚುವವನು ಕಮಾಂಡರೇ" ಎಂದರು. ನಮ್ಮ ಮಾತು ನಡೆಯುತ್ತಿದ್ದುದು ಕೊಲ್ಲಿಯ ಇಂಗ್ಲಿಷಿನಲ್ಲಿ, ನಡುವೆ ಒಂದಿಷ್ಟು ಅರಬ್ಬಿ, ಒಂದಿಷ್ಟು ಹಿಂದಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಆ ದೇಶದಲ್ಲಿ ಹೆಂಗಸರ ಸಲೂನಿಗೆ ಗಂಡಸರು ಕಾಲಿಡುವಂತಿಲ್ಲ. ಗಾಜಿಗೆ ಕಾಗದ ಅಂಟಿಸಿ, ಬಾಗಿಲಿನ ಹಿಂದೆ ಪರದೆ ಬಿಟ್ಟಿರುತ್ತಾರೆ. ಹಾಗಾಗಿ ಜಡೆಯಕ್ಕನ ಅಂಗಡಿಯನ್ನು ನಾನು ಒಂದು ದಿನವೂ ಒಳಗಿನಿಂದ ಕಂಡವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ ತಪ್ಪಿಗೆ ಇದೇ ಮೂಲ.

ಆ ದೇಶಕ್ಕೆ ವ್ಯಾಟ್ ತೆರಿಗೆ ಬರುವ ಹಿಂದಿನ ವರ್ಷ ನನ್ನ ಹೆಂಡತಿಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಯಿತು. ಕಂಪನಿಯ ವಿಮೆ ಇದ್ದುದರಿಂದ ಅಲ್ಲಿಯೇ ಆಪರೇಷನ್ ಆಯಿತು, ಕೀಮೊ ಶುರುವಾಯಿತು. ನನಗೆ ಗೊತ್ತಿದ್ದ ರೀತಿಯಲ್ಲಿ ನಾನು ನಡೆದುಕೊಂಡೆ. ಗೋಡೆಗೆ ಚಾರ್ಟ್ ಹಾಕಿದೆ. ಮಾತ್ರೆ, ನೀರು, ಜ್ವರ, ನಿದ್ದೆ, ಎಲ್ಲಕ್ಕೂ ಸಾಲು. ಎರಡನೇ ಕೀಮೊ ಹೊತ್ತಿಗೆ ಕೂದಲು ಉದುರಿತು. ಅದಕ್ಕೆ ಚಾರ್ಟಿನಲ್ಲಿ ಸಾಲು ಇರಲಿಲ್ಲ. ದೇರಾ ಪೇಟೆಗೆ ಹೋಗಿ ಅಳತೆ ಕೊಟ್ಟು ವಿಗ್ ತಂದೆ. ಅವಳು ಒಮ್ಮೆ ಹಾಕಿ, ಕನ್ನಡಿ ನೋಡಿ, ತೆಗೆದಿಟ್ಟಳು.

"ಇದು ಯಾರದ್ದೋ ಟೋಪಿ ಮಾರಾಯ್ರೆ. ನನಗೆ ಬೇಡ."

ಆಮೇಲೆ ಅವಳು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಆಸ್ಪತ್ರೆಗೆ ಮಾತ್ರ, ಅದೂ ನಾನು ತಲೆಗೆ ಸುತ್ತಿಕೊಟ್ಟ ಶಾಲಿನಲ್ಲಿ. ಹಾಗೆ ಹೊರಟ ಒಂದು ದಿನ ಲಿಫ್ಟಿನಲ್ಲಿ ಜಡೆಯಕ್ಕ ಸಿಕ್ಕಿದರು. ಏನು ಕಾಯಿಲೆ ಎಂದು ಕೇಳಲಿಲ್ಲ. ಶಾಲನ್ನು ನೋಡಿದರು.

"ಇದನ್ನು ಕಟ್ಟಿದ್ದು ಯಾರು?"

ಹೆಂಡತಿ ನನ್ನ ಕಡೆ ತಿರುಗಿದಳು.

"ಕಮಾಂಡರ್, ಇದು ತಲೆ. ಕೊರಿಯರಿಗೆ ಕೊಡುವ ಪಾರ್ಸೆಲ್ ಅಲ್ಲ."

ಎಷ್ಟೋ ವಾರಗಳ ಮೇಲೆ ನನ್ನ ಹೆಂಡತಿ ನಕ್ಕದ್ದು ಅಂದು.

"ಶುಕ್ರವಾರ ಕೆಳಗೆ ಬಾ ಸಿಸ್ಟರ್" ಎಂದರು ಜಡೆಯಕ್ಕ. "ಇವನನ್ನು ಹೊರಗೆ ಕೂರಿಸೋಣ."

ಶುಕ್ರವಾರ ಒಂಬತ್ತಕ್ಕೆ ಅವಳನ್ನು ಬಾಗಿಲವರೆಗೆ ಬಿಟ್ಟೆ. ನನಗೊಂದು ಪ್ಲಾಸ್ಟಿಕ್ ಕುರ್ಚಿ ಹೊರಗೆ ಬಂತು. ಅವಳು ಮರಳಿದ್ದು ಎರಡು ಗಂಟೆಗೆ. ತಲೆಯ ಮೇಲೆ ಗಟ್ಟಿ ನೀಲಿ ಬಟ್ಟೆಯನ್ನು ಪದರ ಪದರವಾಗಿ ಎತ್ತರಕ್ಕೆ ಕಟ್ಟಿದ್ದರು, ಹಬ್ಬದ ದಿನ ಅವರ ಕಡೆಯ ಹೆಂಗಸರು ಕಟ್ಟುವ ಹಾಗೆ. ಬೆನ್ನು ನೆಟ್ಟಗಿತ್ತು. ಆ ಬಟ್ಟೆ ಹೊತ್ತು ಬಗ್ಗಿ ನಡೆಯಲು ಆಗುವುದಿಲ್ಲವಂತೆ. ಮೇಲೆ ಬಂದು ಕೂತು ಹೇಳಿದಳು.

"ಎಂತ ಆಯ್ತು ಗೊತ್ತುಂಟಾ? ಶಾಲು ತೆಗೆಯಲಿಕ್ಕೆ ನನಗೆ ನಾಚಿಕೆ. ಜಡೆಯಕ್ಕ ನೋಡಿದರು. ಅವರಿಗೆ ಸೊಂಟದವರೆಗೆ ಕೂದಲು ಉಂಟಲ್ಲ, ಅದನ್ನು ಹೀಗೆ ಎತ್ತಿ ಮೇಜಿನ ಮೇಲೆ ಇಟ್ಟರು. ಒಳಗೆ ಉಗುರಿನಷ್ಟು ಗಿಡ್ಡ ಕೂದಲು. ಅವರನ್ನು ನೋಡಿ ಪಕ್ಕದವಳು ತನ್ನದು ತೆಗೆದಳು. ಮತ್ತೆ ಅವಳ ಆಚೆಯವಳು. ಏಳೆಂಟು ಜನ ಮಾರಾಯ್ರೆ, ಎಲ್ಲರದ್ದೂ ಮೇಜಿನ ಮೇಲೆ. ಕಡೆಗೆ ನಾನೊಬ್ಬಳೇ ಮುಚ್ಚಿಕೊಂಡು ಕೂತದ್ದು ನೋಡಿ ನನಗೇ ನಗೆ ಬಂತು."

ಹಣ ಕೊಡಲು ಹೋದರೆ ಜಡೆಯಕ್ಕ ಅಂಗೈ ಅಡ್ಡ ಹಿಡಿದರು. "ಫುಲೂಸ್ ಮಾಫಿ, ದುಡ್ಡು ಬೇಡ. ಇವಳು ಶುಕ್ರವಾರ ಬಂದು ಕೈ ಕೊಡಲಿ, ಸಾಕು."

ಅವರ ಅಂಗಡಿಯ ಪದ್ಧತಿ ಅದು. ಹೆಣಿಗೆಗೆ ಸೇರಿಸುವ ಕೃತಕ ಕೂದಲು ಪೊಟ್ಟಣದಲ್ಲಿ ಬರುತ್ತದೆ. ಅದನ್ನು ಸಣ್ಣ ಎಳೆಗಳಾಗಿ ಬಿಡಿಸಿ, ತುದಿ ಮೊಂಡಾಗದಂತೆ ಎಳೆದು, ಹೆಣೆಯುವವರ ಕೈಗೆ ಸಿಗುವಂತೆ ಹಿಡಿಯಬೇಕು. ನನ್ನ ಹೆಂಡತಿ ಶಂಕರಪುರದವಳು, ಮದುವೆಯ ತನಕ ಮಲ್ಲಿಗೆ ಕಟ್ಟಿದ ಕೈ. ಎರಡನೇ ಶುಕ್ರವಾರಕ್ಕೇ ಆ ಕೆಲಸ ಹಿಡಿಯಿತು. ಕೀಮೊ ಆದ ವಾರ ಒಂದು ಗಂಟೆ ಕೂರುತ್ತಿದ್ದಳು, ಮೂರನೇ ವಾರ ಐದು ಗಂಟೆ. ಗುರುವಾರ ಸಂಜೆಯೇ ಮರುದಿನದ ಸೀರೆ ತೆಗೆದಿಡುತ್ತಿದ್ದಳು. ಡಾಕ್ಟರು ಬರೆದುಕೊಟ್ಟ ಯಾವ ಮಾತ್ರೆಯೂ ಅವಳನ್ನು ಹಾಗೆ ಎಬ್ಬಿಸಿದ್ದಿಲ್ಲ.

ನಾನು ಹೊರಗೆ ಕೂರುತ್ತಿದ್ದೆ. ಹೊರಗಿನಿಂದ ನೋಡಿದರೆ ಅದು ಬರೀ ಅವ್ಯವಸ್ಥೆ. ಮಾಲಿನ ಸೆಕ್ಯುರಿಟಿ ಹೆಂಗಸರು, ಕ್ಲೀನಿಂಗಿನವರು, ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು, ನೈಜೀರಿಯಾ, ಉಗಾಂಡಾ, ಕೀನ್ಯಾ, ಕ್ಯಾಮರೂನ್, ಎಲ್ಲಿಂದೆಲ್ಲಿಂದಲೋ ಬಸ್ಸು ಹಿಡಿದು ಬರುತ್ತಿದ್ದರು. ಒಳಗೆ ಹೋದವರು ನಾಲ್ಕು ಗಂಟೆಯಾದರೂ ಬರುವುದಿಲ್ಲ. ಬಂದರೂ ತಲೆ ಒಳಗೆ ಹೋಗುವಾಗ ಇದ್ದ ಹಾಗೆಯೇ ಇರುತ್ತದೆ. ನನ್ನ ಜೇಬಿನಲ್ಲಿ ಡೈರಿ ಇರುತ್ತದೆ. ಕಾವಲು ಕೋಣೆಯ ಹಳೆಯ ಅಭ್ಯಾಸ. ಯಾರು ಎಷ್ಟು ಗಂಟೆಗೆ ಒಳಗೆ, ಎಷ್ಟು ಗಂಟೆಗೆ ಹೊರಗೆ ಎಂದು ಬರೆದಿಡತೊಡಗಿದೆ. ಒಂದು ಸಂಜೆ ಜಡೆಯಕ್ಕ ಬೆರಳುಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಮೆಟ್ಟಿಲಲ್ಲಿ ಕೂತಿದ್ದಾಗ ಓದಿ ಹೇಳಿದೆ.

"ಇವತ್ತು ಹದಿನೇಳು ಜನ ಬಂದರು. ಹೆಣಿಗೆ ಆದದ್ದು ನಾಲ್ಕು ಜನರಿಗೆ. ಉಳಿದವರು ಸುಮ್ಮನೆ ಕೂತಿದ್ದರು."

"ಸುಮ್ಮನೆ ಯಾರೂ ಕೂರುವುದಿಲ್ಲ ಕಮಾಂಡರ್."

"ಟೋಕನ್ ಮಾಡಿ. ಗಂಟೆಗಿಷ್ಟು ಜನ ಎಂದು ನಂಬರ್ ಕೊಡಿ. ನಾನು ಬರೆದು ಕೊಡುತ್ತೇನೆ."

"ತಲೆಗೆ ನಂಬರ್ ಹಾಕುವುದು ಜೈಲಿನಲ್ಲಿ" ಎಂದು ಅವರು ಬೋಗುಣಿಯ ನೀರನ್ನು ಗಿಡಕ್ಕೆ ಚೆಲ್ಲಿ ಎದ್ದು ಹೋದರು.

ನಾಲ್ಕನೇ ಕೀಮೊ ಆದ ವಾರ ಆ ಗಾಯಕ ಬಂದ. ಅವರ ದೇಶದಲ್ಲಿ ಅವನ ಹಾಡು ಗೊತ್ತಿಲ್ಲದವರಿಲ್ಲವಂತೆ. ನಮ್ಮ ಕಟ್ಟಡದ ಹುಡುಗಿಯರ ಫೋನುಗಳಲ್ಲೆಲ್ಲ ಅವನದೇ ದನಿ. ಲಾಗೋಸಿನಲ್ಲಿ ಜಡೆಯಕ್ಕನ ಕೇರಿಯಲ್ಲೇ ಹುಟ್ಟಿದವನು. ದುಬೈಗೆ ಕಾರ್ಯಕ್ರಮಕ್ಕೆ ಬಂದವನು, ಒಂದು ದೊಡ್ಡ ಕರಿ ಕಾರಿನಲ್ಲಿ, ಮ್ಯಾನೇಜರನ ಜೊತೆ, ಹೇಳದೆ ಕೇಳದೆ ಸಲೂನಿನ ಮುಂದೆ ಇಳಿದ. ಆದರೆ ಒಳಗೆ ಹೋಗುವಂತಿಲ್ಲ. ಎಷ್ಟು ದೊಡ್ಡ ಗಾಯಕನಾದರೂ ಗಂಡಸು. ಪರದೆಯ ಹಿಂದೆ ಕಿರುಚಾಟ ಎದ್ದಿತು. ಮ್ಯಾನೇಜರ್ ಕಾರಿನ ಬಳಿಯೇ ಉಳಿದ. ಬಾಗಿಲಲ್ಲಿ ನಾವಿಬ್ಬರೇ, ಒಂದೇ ಕುರ್ಚಿ. ನಾನು ಎದ್ದು ಅವನಿಗೆ ಕೊಟ್ಟೆ. ಅವನು ಕೂರಲಿಲ್ಲ. "ಹಿರಿಯರು ನಿಂತಿರುವಾಗ ಕೂತರೆ ಮಾಮಾ ಕೆನ್ನೆಗೆ ಬಾರಿಸುತ್ತಾಳೆ" ಎಂದ. ಮಾಮಾ ಎಂದರೆ ಅವರಲ್ಲಿ ಅಮ್ಮ, ಅವನು ಹೇಳಿದ್ದು ಜಡೆಯಕ್ಕನನ್ನು. ಜಡೆಯಕ್ಕ ಹೊರಗೆ ಬಂದಾಗ ಆ ಬಿಸಿಲಿನಲ್ಲಿ, ಬಿಳಿ ಬಟ್ಟೆಯಲ್ಲಿ, ಅಷ್ಟುದ್ದದ ಮನುಷ್ಯ ನೆಲದವರೆಗೆ ಬಾಗಿ ಅವರಿಗೆ ನಮಸ್ಕರಿಸಿದ. ಅವನ ತಾಯಿಯ ತಲೆ ಹೆಣೆಯುತ್ತಿದ್ದವರು ಇವರು.

ಅವನು ಕೇಳಲು ಬಂದದ್ದು ಇಷ್ಟು. ಪಕ್ಕದ ಅಂಗಡಿಯನ್ನೂ ಸೇರಿಸಿ ದೊಡ್ಡ ಸಲೂನ್ ಮಾಡೋಣ. ಹಣ ತನ್ನದು, ಫಲಕದ ಮೇಲೆ ಹೆಸರೂ ತನ್ನದು, ಕೈ ಮಾಮಾಳದ್ದು. ಪರವೂರಿನಲ್ಲಿ ನಮ್ಮವರು ತಲೆ ಎತ್ತಿ ಹೋಗುವಂಥ ಒಂದು ಜಾಗ ಇರಬೇಕು. ಆರು ಹುಡುಗಿಯರಿಗೆ ವೀಸಾ ಮತ್ತು ಸಂಬಳ.

ಅವನು ಹೋದ ಮೇಲೆ ಒಳಗೆ ಹಾಡು, ಕುಣಿತ. ಜಡೆಯಕ್ಕ ಮಾತ್ರ ಮೆಟ್ಟಿಲ ಮೇಲೆ ಕೂತರು.

"ಒಳ್ಳೆಯ ಹುಡುಗ" ಎಂದೆ.

"ತುಂಬ ಒಳ್ಳೆಯವನು. ಅದೇ ತೊಂದರೆ. ನಮ್ಮ ಕೇರಿಯ ಒಂದು ಸಾಲನ್ನೇ ಕೊಂಡು ಪ್ಲಾಜಾ ಕಟ್ಟಿಸಿದ್ದಾನೆ. ಅಲ್ಲಿ ಹೆಂಗಸರು ಕೊಡೆಯ ಕೆಳಗೆ ಕೂತು ತಲೆ ಹೆಣೆಯುತ್ತಿದ್ದರು. ಅವರ ಫೋಟೋ ಆಳೆತ್ತರ ಮಾಡಿಸಿ ಗೋಡೆಗೆ ಹಾಕಿದ್ದಾನೆ. ನನ್ನ ತಂಗಿಯದೂ ಇದೆ. ತಂಗಿ ಮಾತ್ರ ಈಗ ಎರಡು ಬಸ್ ಹಿಡಿದು ಬೇರೆ ಕೇರಿಗೆ ಹೋಗಿ ಕೊಡೆ ಬಿಚ್ಚುತ್ತಾಳೆ."

"ಓಡಿಸಿದನೇ?"

"ಇಲ್ಲ. ಅವನು ಓಡಿಸಲಿಲ್ಲ. ಟೈಲ್ಸ್ ಓಡಿಸಿತು. ಅಷ್ಟು ಹೊಳೆಯುವ ನೆಲದ ಮೇಲೆ ಕೂದಲು ಬೀಳಬಾರದಲ್ಲ."

"ಹಾಗಾದರೆ ಬೇಡ ಎನ್ನಿ."

"ನಮ್ಮ ಮಗು ದೊಡ್ಡವನಾಗಿ ನಮ್ಮ ಬಾಗಿಲು ಹುಡುಕಿಕೊಂಡು ಬಂದಿದ್ದಾನೆ ಕಮಾಂಡರ್. ಈ ಊರಿನಲ್ಲಿ ನಮ್ಮ ಬಾಗಿಲಿಗೆ ಬರುವವರು ಎಷ್ಟು ಜನ? ನಿಮ್ಮವರು ಲಿಫ್ಟಿಗೇ ಬರುವುದಿಲ್ಲ." ನಾನು ನೆಲ ನೋಡಿದೆ. ಅವರು ನಕ್ಕರು. "ಒಂದೇ ಮಾತು ಕೇಳಿದ್ದೇನೆ. ಉಳಿದ ಆರು ದಿನ ಅವನ ಇಷ್ಟ. ಶುಕ್ರವಾರ ಮಾತ್ರ ಮೊದಲಿನ ಹಾಗೇ ಇರಬೇಕು. ಹೂಂ ಎಂದಿದ್ದಾನೆ."

ಆ ಒಂದು ದಿನ ಉಳಿಯುತ್ತದೆಯೋ ಇಲ್ಲವೋ ಎಂಬುದೇ ಮುಂದಿನ ಕಥೆ. ಅದನ್ನು ಕೆಡಿಸಿದ್ದು ನಾನು.

ಮರುವಾರ ಮ್ಯಾನೇಜರ್ ಒಬ್ಬನೇ ಬಂದ. ದಿನಕ್ಕೆ ಎಷ್ಟು ಗಿರಾಕಿಗಳು, ಒಂದು ತಲೆಗೆ ಎಷ್ಟು ಹೊತ್ತು ಎಂದು ಜಡೆಯಕ್ಕನನ್ನು ಕೇಳಿದ. "ತಲೆ ನೋಡಿ ಹೇಳಬೇಕು" ಎಂದು ಅವರು ಒಳಗೆ ಹೋದರು. ಅವನು ತಲೆ ಕೆರೆದುಕೊಂಡು ನಿಂತ. ನಾನು ಡೈರಿ ತೆಗೆದೆ. ಐದು ಶುಕ್ರವಾರಗಳ ಲೆಕ್ಕ ಅದರಲ್ಲಿತ್ತು. ಅವನ ಕಣ್ಣು ಅರಳಿತು. "ಸರ್, ಇಂಥ ಕೆಲಸ ನಮ್ಮ ಆಫೀಸಿನಲ್ಲೂ ಯಾರೂ ಮಾಡುವುದಿಲ್ಲ" ಎಂದ. ಮನೆಗೆ ಹೋಗಿ ಸ್ಕೇಲ್ ಇಟ್ಟು ಗೆರೆ ಹೊಡೆದು, ಎರಡು ಪುಟಗಳಲ್ಲಿ ಚೊಕ್ಕವಾಗಿ ನಕಲು ಮಾಡಿ, ಕೆಳಗೆ ಟೋಕನ್ ವ್ಯವಸ್ಥೆಯ ಸಲಹೆಯನ್ನೂ ಸೇರಿಸಿ ಅವನಿಗೆ ಕೊಟ್ಟೆ. ಉಪಕಾರ ಮಾಡಿದೆ ಎಂದೇ ತಿಳಿದಿದ್ದೆ. ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹೊಸ ಸಲೂನ್ ತೆರೆದಾಗ ನನ್ನ ಹೆಂಡತಿಗೆ ರೇಡಿಯೇಷನ್ ಶುರುವಾಗಿತ್ತು. ಒಳ್ಳೆಯದಾದದ್ದನ್ನು ಮೊದಲು ಹೇಳಬೇಕು. ಆರು ಹುಡುಗಿಯರಿಗೆ ವೀಸಾ ನಿಜವಾಗಿಯೂ ಆಯಿತು. ಸಂಬಳ ತಿಂಗಳ ಮೊದಲ ದಿನವೇ ಬರುತ್ತಿತ್ತು. ಅವರಲ್ಲಿಬ್ಬರು ಅದಕ್ಕೆ ಮುಂಚೆ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ ಮನೆಗಳಲ್ಲಿ ದುಡಿದವರು. ಫಲಕದಲ್ಲಿ ದೀಪ ಹೊತ್ತಿದ ಸಂಜೆ ಅವರು ಅದರ ಕೆಳಗೆ ನಿಂತು ಊರಿಗೆ ಫೋಟೋ ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಮೊದಲ ಶುಕ್ರವಾರ ನನ್ನ ಹೆಂಡತಿ ಕೆಳಗೆ ಹೋದವಳು ಹತ್ತು ನಿಮಿಷಕ್ಕೆ ಮರಳಿದಳು.

"ಎಂತ?"

"ಸ್ಟಾಫ್ ಅಲ್ಲದವರು ಕೂದಲು ಮುಟ್ಟಬಾರದಂತೆ. ಅಪಾಯಿಂಟ್‌ಮೆಂಟ್ ಇಲ್ಲದವರು ಕೂರಬಾರದಂತೆ. ಬಾಗಿಲಿನಲ್ಲಿ ಪಟ್ಟಿ ಹಾಕಿದ್ದಾರೆ."

"ಶುಕ್ರವಾರ ಮೊದಲಿನ ಹಾಗೇ ಎಂದಿದ್ದರಲ್ಲ?"

ಅವಳು ಮಲಗುವ ಕೋಣೆಗೆ ಹೋದಳು. ನಾನು ಕೆಳಗಿಳಿದು ನೋಡಿದೆ. ಬಾಗಿಲಿನಲ್ಲಿದ್ದದ್ದು ಗಂಟೆಗಿಷ್ಟು ಜನ ಎಂಬ ನನ್ನದೇ ಪಟ್ಟಿ, ಕಂಪ್ಯೂಟರಿನಲ್ಲಿ ಚಂದಗಾಣಿಸಿದ್ದು. ಹೆಂಗಸರು ಎದುರಿನ ಎಸಿ ಬಸ್ ನಿಲ್ದಾಣದೊಳಗೆ ತುಂಬಿ ಕೂತಿದ್ದರು. ಹನ್ನೆರಡು ಗಂಟೆಯ ಪಾಳಿ ಮಾಡುವವರು ಇಂಥ ಹೊತ್ತಿಗೇ ಬರುತ್ತೇನೆ ಎಂದು ಹೇಗೆ ಹೇಳಿಯಾರು? ಬಸ್ಸಿಗೆ ಕಾಯುವವರು ಗೊಣಗಿದ ಮೇಲೆ ಅಲ್ಲಿಂದಲೂ ಎದ್ದರು. ಮೂರನೇ ವಾರಕ್ಕೆ ಬರುವುದನ್ನೇ ಬಿಟ್ಟರು.

ನನ್ನ ಹೆಂಡತಿ ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದಳು. ಚಾರ್ಟಿನಲ್ಲಿ ಎಲ್ಲ ಸರಿ ಇತ್ತು. ಅವಳು ಸರಿ ಇರಲಿಲ್ಲ. ಒಂದು ಮಧ್ಯಾಹ್ನ ಮಾತ್ರೆ ಕೊಡಲು ಹೋದಾಗ ಕೇಳಿದಳು.

"ಶುಕ್ರವಾರ ಹದಿನೇಳು ಜನ, ನಾಲ್ಕೇ ತಲೆ ಅಂತ ಆ ಮ್ಯಾನೇಜರನಿಗೆ ಹೇಳಿದ್ದು ಯಾರು?"

"ನಾನು ಬರೆದು ಕೊಟ್ಟೆ."

"ಆ ಸುಮ್ಮನೆ ಕೂತವರಲ್ಲಿ ನಾನೂ ಒಬ್ಬಳು. ನಿಮ್ಮ ಡೈರಿಯಲ್ಲಿ ಅದುಂಟಾ?"

ಆಮೇಲೆ ಅವಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಕೆಲಸ ಹೋದವಳು ಬೆಳಿಗ್ಗೆ ಅಳುತ್ತ ಬಂದು, ಸಂಜೆಗೆ ಬೇರೆ ಕೆಲಸದ ವಿಳಾಸ ಹಿಡಿದು ಹೋಗುತ್ತಿದ್ದಳು. ಹಾಸಿಗೆ ಖಾಲಿ ಇದ್ದವರು, ಹಾಸಿಗೆ ಬೇಕಾದವರು ಅಲ್ಲೇ ಕೂಡುತ್ತಿದ್ದರು. ಹಣ ಇಲ್ಲದವಳು ಗುಡಿಸುತ್ತಿದ್ದಳು, ಅಕ್ಕಿ ಬೇಯಿಸುತ್ತಿದ್ದಳು, ಇನ್ನೊಬ್ಬಳ ತಲೆ ಹೆಣೆದು ತನ್ನದನ್ನು ಹೆಣೆಸಿಕೊಳ್ಳುತ್ತಿದ್ದಳು. ಬರೀ ಮಲಗಲು ಬರುವವರೂ ಇದ್ದರು, ಆರು ದಿನ ನಿಂತೇ ಕೆಲಸ ಮಾಡಿದವರು. ಹೆಣಿಗೆ ಅದರಲ್ಲೊಂದು ಕೆಲಸ, ಅಷ್ಟೇ.

ಸಂಜೆ ಎದುರು ಬಾಗಿಲು ತಟ್ಟಿದೆ. ಜಡೆಯಕ್ಕ ಬಾಗಿಲಿನಲ್ಲೇ ನಿಂತರು. ನೆಟ್ಟಗೆ ನಿಂತು, ನಡೆದದ್ದನ್ನು ಕ್ರಮವಾಗಿ ಹೇಳಿ, ತಪ್ಪಾಯಿತು ಎಂದೆ.

"ಗೊತ್ತಿತ್ತು" ಎಂದರು. "ಮ್ಯಾನೇಜರ್ ಕಾಗದ ತೋರಿಸಿದ ದಿನವೇ. ಅಷ್ಟು ನೇರ ಗೆರೆ ಈ ಕಟ್ಟಡದಲ್ಲಿ ಇನ್ನು ಯಾರು ಎಳೆಯುತ್ತಾರೆ?"

"ಯಾಕೆ ಹೇಳಲಿಲ್ಲ?"

"ನಿನ್ನ ಹೆಂಡತಿಗೆ ಕಾಯಿಲೆ. ಮನೆಯಲ್ಲಿ ಜಗಳ ಬೇರೆ ಬೇಕೇ?" ಆಮೇಲೆ ನನ್ನ ಮುಖ ನೋಡಿ ಮೆತ್ತಗೆ ಹೇಳಿದರು, "ನೀನು ನೋಡಿದ್ದು ಬಾಗಿಲು ಕಮಾಂಡರ್. ಬಾಗಿಲಿನ ಲೆಕ್ಕ ಸರಿಯಾಗಿಯೇ ಇತ್ತು."

ನನ್ನ ಮೇಲಧಿಕಾರಿಗಳು ಎಷ್ಟೋ ಸಲ ನನ್ನನ್ನು ಬೈದಿದ್ದಾರೆ. ಯಾರ ಬೈಗುಳವೂ ಇಷ್ಟು ಸರಿಯಾಗಿ ನಾಟಿದ್ದಿಲ್ಲ, ಇಷ್ಟು ಕಡಿಮೆ ನೋಯಿಸಿದ್ದೂ ಇಲ್ಲ.

ಚಳಿಗಾಲದಲ್ಲಿ ಗಾಯಕ ಮತ್ತೆ ದುಬೈಗೆ ಬಂದ. ಸಲೂನಿನ ಮುಂದೆ, ಅವನದೇ ಚಿತ್ರದ ಕೆಳಗೆ ನಿಂತು ಜಡೆಯಕ್ಕ ಶುಕ್ರವಾರವನ್ನು ಕೇಳಿದರು. ನಾನು ಪಕ್ಕದಲ್ಲಿದ್ದೆ. ಆ ಕಾಗದ ಬರೆದವನು ನಾನು, ಅದು ತಪ್ಪು ಕಾಗದ ಎಂದು ಹೇಳಲೆಂದೇ ಹೋಗಿದ್ದೆ, ಹೇಳಿದೆ. ಅವನು ಕೇಳಿಸಿಕೊಂಡ. ಅವನ ಮುಖ ಸಪ್ಪಗಾಯಿತು.

"ಮಾಮಾ, ಹಣ ನನ್ನದು ಎಂದಿದ್ದೆ, ಆದರೆ ಹಾಕಿದವರು ಬೇರೆ ನಾಲ್ಕು ಜನ. ನನ್ನದು ಹೆಸರು ಮಾತ್ರ. ನಾನು ಹೂಂ ಎಂದದ್ದು ಅವರಿಗೆ ಲೆಕ್ಕಕ್ಕಿಲ್ಲ."

"ನಿನ್ನ ಹೆಸರನ್ನು ನಿನ್ನ ತಾಯಿ ಇಟ್ಟದ್ದು" ಎಂದರು ಜಡೆಯಕ್ಕ. "ಅದನ್ನು ಹೀಗೆ ಯಾರ್ಯಾರ ಕೈಗೋ ಕೊಡಬೇಡ." ಅವನು ಕಣ್ಣು ಒರೆಸಿಕೊಂಡ. ಅವನ ಭುಜ ತಟ್ಟಿ ಇವರೇ ಸಮಾಧಾನ ಮಾಡಿದರು. ಆಮೇಲೆ, "ನಾನು ಹೊರಟೆ. ಆ ಆರು ಜನರ ವೀಸಾಕ್ಕೆ ಕೈ ಹಚ್ಚಬೇಡ, ಅವಧಿ ಮುಗಿಯುವ ತನಕ ಇರಲಿ. ಇಷ್ಟಕ್ಕಾದರೂ ನಿನ್ನ ಮಾತು ನಡೆಯಲಿ. ನನ್ನದು ಖಲಾಸ್" ಎಂದರು. ಆ ಮಾತನ್ನು ಅವನು ಉಳಿಸಿಕೊಟ್ಟ. ಅದನ್ನೂ ಹೇಳಬೇಕು.

ಅಂಗಡಿ ಬಿಟ್ಟರೆ ಅವರ ವೀಸಾ ರದ್ದು. ರದ್ದಾದ ಮೇಲೆ ಮೂವತ್ತು ದಿನ. ಅಂದರೆ ನಾಲ್ಕು ಶುಕ್ರವಾರ. ಅವರದು ಪರದೆ ಕಟ್ಟಿ ಆರು ಜನ ಹಂಚಿಕೊಂಡ ಮನೆ, ಅಲ್ಲಿ ಇನ್ನೊಬ್ಬರು ಕಾಲಿಡಲು ಜಾಗವಿಲ್ಲ. ನಾನು ಮತ್ತೆ ಎದುರು ಬಾಗಿಲು ತಟ್ಟಿದೆ.

"ಶುಕ್ರವಾರ ನಮ್ಮ ಮನೆಯಲ್ಲಿ ಮಾಡಿ."

ಜಡೆಯಕ್ಕ ನನ್ನ ಹೆಗಲ ಮೇಲಿಂದ ನಮ್ಮ ಮನೆಯ ಒಳಗೆ ಇಣುಕಿದರು. ಸೋಫಾದ ಮೇಲೆ ಸುಕ್ಕಿಲ್ಲದ ಹೊದಿಕೆ, ಸಾಲಾಗಿ ಚಪ್ಪಲಿ.

"ಅಬೆಗ್, ದಮ್ಮಯ್ಯ ಬೇಡ ಕಮಾಂಡರ್. ಕೂದಲು ಬೀಳುತ್ತದೆ."

"ಬೀಳಲಿ."

ಅದು ವ್ಯಾಪಾರವಲ್ಲ, ನೆಂಟರು ಸೇರಿದ ಹಾಗೆ. ಯಾರೂ ಯಾರಿಗೂ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಗೊತ್ತುಮಾಡಿಕೊಂಡೆವು. ಮೊದಲ ಶುಕ್ರವಾರ ಇಪ್ಪತ್ತೆರಡು ಜನ ಬಂದರು. ಇದನ್ನು ನನ್ನ ಹೆಂಡತಿ ಎಣಿಸಿದ್ದು, ತಟ್ಟೆ ಸಾಲದೆ ಬಂದದ್ದರಿಂದ. ಗಂಡಸಿಗೆ ಅಲ್ಲಿ ಕೆಲಸವಿಲ್ಲದ್ದರಿಂದ ನಾನು ಕಾರಿಡಾರಿಗೆ ಹೋದೆ. ಒಳಗಿನಿಂದ ಟೊಮೆಟೊ ಅನ್ನದ ವಾಸನೆ, ಏಳೆಂಟು ಭಾಷೆಯ ನಗು. ಅದರ ನಡುವೆ ನನ್ನ ಹೆಂಡತಿಯ ದನಿ, "ಅರೆ, ಎಳೆ ಹೀಗೆ ಹಿಡಿ ಮಾರಾಯ್ತಿ" ಎಂದು ಯಾರಿಗೋ ಕನ್ನಡದಲ್ಲೇ ಗದರುತ್ತಿತ್ತು. ಕಟ್ಟಡದ ಕಾವಲುಗಾರ, ನಮ್ಮ ನಾತೂರ್, ಪೆಶಾವರದ ಮುದುಕ, ದೂರು ಬಂದಿದೆ ಎಂದು ಮೆಟ್ಟಿಲು ಹತ್ತಿ ಬಂದವನು ನನ್ನನ್ನು ನೋಡಿ ನಿಂತ.

"ಗಲಾಟೆ ನಿಮ್ಮ ಮನೆಯದಾ, ಭಾಯಿ? ನಿಮ್ಮದಾ?"

"ನನ್ನ ಮನೆಯದೇ. ಅನ್ನ ತಿಂದು ಹೋಗು."

ಅವನು ಒಂದು ತಟ್ಟೆ ತಿಂದು, ದೂರು ಕೊಟ್ಟವರ ಮನೆಗೂ ಒಂದು ತಟ್ಟೆ ಹಿಡಿದುಕೊಂಡು ಇಳಿದ.

ಅಷ್ಟು ಹೊತ್ತಿಗೆ ನನ್ನ ಹೆಂಡತಿಗೆ ಕೂದಲು ಮರಳಿತ್ತು. ಮೊದಲು ನೇರ ಇದ್ದದ್ದು ಈಗ ಗುಂಗುರಾಗಿ ಬಂದಿತ್ತು. ಕೀಮೊ ಆದವರಿಗೆ ಹಾಗಾಗುವುದುಂಟಂತೆ. "ನೋಡಿ, ಇವಳು ಈಗ ನಮ್ಮವಳೇ" ಎಂದು ಹೆಂಗಸರು ಗೇಲಿ ಮಾಡುತ್ತಿದ್ದರು. ನಾಲ್ಕನೇ ಶುಕ್ರವಾರ ಜಡೆಯಕ್ಕ ಬೇರೆ ಯಾರ ತಲೆಯನ್ನೂ ಮುಟ್ಟಲಿಲ್ಲ. ಅವಳನ್ನು ಕಾಲ ಬಳಿ ಕೂರಿಸಿಕೊಂಡು, ಎರಡು ಬೆರಳಗಲದಷ್ಟು ಉದ್ದದ ಆ ಕೂದಲನ್ನು ನೆತ್ತಿಗೆ ಒತ್ತಿ ಸಾಲು ಸಾಲಾಗಿ ಹೆಣೆದರು. ಹಿಡಿತಕ್ಕೇ ಸಿಗದಷ್ಟು ಗಿಡ್ಡ ಕೂದಲು. ಮಧ್ಯಾಹ್ನ ಪೂರ್ತಿ ಹಿಡಿಯಿತು. ಅವಳು ಅದನ್ನು ಇಪ್ಪತ್ತು ದಿನ ಬಿಚ್ಚಲಿಲ್ಲ, ತಲೆ ತುರಿಸಿದರೂ.

ಭಾನುವಾರ ಅವರು ಹೊರಟರು. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ. ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು. "ನಾನಿಲ್ಲ ಎಂದು ಬಾಗಿಲು ಹಾಕಬೇಡ."

ಹಾಕಲಿಲ್ಲ. ದುಬೈ ಬಿಡುವ ತನಕ ನಮ್ಮ ಮನೆಯ ಶುಕ್ರವಾರ ನಡೆಯಿತು. ಆ ಆರು ಹುಡುಗಿಯರೂ ಬಿಡುವಾದಾಗ ಕೆಳಗಿನಿಂದ ಬರುತ್ತಿದ್ದರು. ಮುಂದಿನ ಬೇಸಿಗೆಗೆ ಹಣ ಹಾಕಿದವರಿಗೆ ಆ ಸಲೂನ್ ಸಾಕಾಯಿತು. ಫಲಕ ಇಳಿಯಿತು, ಹುಡುಗಿಯರ ವೀಸಾ ಮಾತ್ರ ಅವಧಿಯ ತನಕ ಉಳಿಯಿತು. ಅಲ್ಲೊಂದು ಮೊಬೈಲ್ ಅಂಗಡಿ ಬಂತು. ಹುಡುಗಿಯರಲ್ಲಿ ನಾಲ್ವರಿಗೆ ಬೇರೆ ಕೆಲಸ ಸಿಕ್ಕಿದ್ದು ನಮ್ಮ ಅಡುಗೆಮನೆಯಲ್ಲಿ, ಈರುಳ್ಳಿ ಹೆಚ್ಚುತ್ತ ನಡೆದ ಮಾತಿನಲ್ಲಿ.

ಜಡೆಯಕ್ಕ ಹೋದ ಎರಡನೇ ವರ್ಷ ಲಾಗೋಸಿನಿಂದ ಅವರ ಮಗಳು ಫೋನ್ ಮಾಡಿದಳು. ಅವರು ಬೆಳಿಗ್ಗೆ ಏಳಲಿಲ್ಲವಂತೆ. ನನ್ನ ಹೆಂಡತಿ ಫೋನನ್ನು ನನ್ನ ಕೈಗೆ ಕೊಟ್ಟು ಗೋಡೆ ಹಿಡಿದು ಕೂತಳು. ಮಗಳು ಸಮಾಧಾನದ ಹುಡುಗಿ. ಕ್ರಮವಾಗಿ ಎಲ್ಲ ಹೇಳಿ ಕೊನೆಗೆ ಕೇಳಿದಳು.

"ಆಂಟಿಗೆ ಎಷ್ಟು ಗಜ ಬೇಕು ಅಂಕಲ್? ನಿಮಗೆ ಎಷ್ಟು?"

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅವರಲ್ಲಿ ಹಿರಿಯರು ತೀರಿಕೊಂಡರೆ ಮನೆಯವರೆಲ್ಲ ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿಸಿಕೊಂಡು ತೊಡುತ್ತಾರೆ. ಪರಿಚಯದವರಿಗೆ ಬೇರೆ ಬಣ್ಣ. ಯಾರಿಗೆ ಯಾವುದು ಎಂದು ಅಮ್ಮ ಮೊದಲೇ ಬರೆಸಿಟ್ಟಿದ್ದಾಳೆ. ದುಬೈಗೆ ಬರುವ ವ್ಯಾಪಾರಿಯೊಬ್ಬರ ಕೈಯಲ್ಲಿ ಬಟ್ಟೆ ಕಳಿಸುತ್ತೇನೆ.

"ನಮಗೆ ಯಾವ ಬಣ್ಣ ಬರೆಸಿದ್ದಾರೆ?" ಎಂದು ಕೇಳಿದೆ.

"ಮನೆಯವರದ್ದು."

ಹತ್ತು ದಿನಕ್ಕೆ ಬಟ್ಟೆ ಬಂತು. ಕಡು ಕೆಂಪಿನ ಮೇಲೆ ಬಿಳಿ ಬಳ್ಳಿ. ಅವರಲ್ಲಿ ಅಂತ್ಯಕ್ರಿಯೆ ನಡೆಯುವುದು ಕೆಲವು ವಾರಗಳ ಮೇಲೆ. ಆ ಶುಕ್ರವಾರ ಅಲ್ಲಿ ತೊಡುವ ಹೊತ್ತಿಗೇ ಇಲ್ಲಿಯೂ ತೊಡಬೇಕೆಂದು ಶುಕ್ರವಾರದ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಸೇರುವುದೆಂದಾಯಿತು. ನಾನು ಬಟ್ಟೆಯನ್ನು ಕರಾಮದ ದರ್ಜಿಯ ಬಳಿಗೆ ಒಯ್ದೆ. ಅವನು ಬಂಟ್ವಾಳದವನು, ಇಪ್ಪತ್ತು ವರ್ಷದಿಂದ ನನ್ನ ಬಿಳಿ ಅಂಗಿಗಳನ್ನು ಹೊಲಿದವನು. ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದ.

"ಎಂತ ಸಾರ್ ಇದು? ಹೊಸ ಕಂಪನಿ ಸೇರಿದಿರಾ? ಯೂನಿಫಾರ್ಮಾ?"

"ಅಲ್ಲ ಮಾರಾಯ" ಎಂದೆ. "ನಮ್ಮ ಅಕ್ಕ ತೀರಿಕೊಂಡರು. ಶುಕ್ರವಾರಕ್ಕೆ ಬೇಕು."